ಕಡತದ ಬಾಗಿಲಲ್ಲಿ ಮೂರು ಅಂಕೆಗಳು

ಅಂತರಜಾಲದಲ್ಲಿ ಪುಟವೊಂದನ್ನು ತೆರೆಯಹೊರಟಾಗ ಒಮ್ಮೊಮ್ಮೆ '೪೦೩' ಎಂಬ ಅಂಕೆಯು ಎದುರಾಗುವುದನ್ನು ವಾಚಕರು ಕಂಡಿರಬಹುದು. ಪುಟವೇ ಇಲ್ಲದಿದ್ದರೆ ಬರುವುದು ೪೦೪. ೪೦೩ ಎಂದರೆ ಸರ್ವರು ನಮ್ಮ ಕೋರಿಕೆಯನ್ನು ಅರಿತೂ ನಿರಾಕರಿಸಿದೆ ಎಂದರ್ಥ. ಇದಕ್ಕೆ ಕಾರಣಗಳು ಹಲವು. ಆ ಕಡತವನ್ನು ಓದಲು ಸರ್ವರಿನ ಪ್ರೋಗ್ರಾಮಿಗೇ ಅನುಮತಿಯಿಲ್ಲದಿರುವುದು ಅವುಗಳಲ್ಲೊಂದು.

೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಯನ್ನು ರೂಪಿಸತೊಡಗಿದರು. ಒಂದೇ ಯಂತ್ರವನ್ನು ಹಲವರು ಬಳಸುವಾಗ ಯಾರು ಯಾವ ಕಡತವನ್ನು ಮುಟ್ಟಬಹುದೆಂಬ ಕಟ್ಟಳೆ ಅವಶ್ಯವಷ್ಟೆ. ಇಂದಿನ ಲಿನಕ್ಸ್ ಸರ್ವರುಗಳಲ್ಲಿಯೂ ಆ ಕಟ್ಟಳೆಯೇ ಉಳಿದುಬಂದಿದೆ. ಕಡತದ ಒಡೆಯ, ಅದಕ್ಕೆ ಗೊತ್ತುಪಡಿಸಿದ ಗುಂಪು, ಉಳಿದವರು—ಈ ಮೂವರಿಗೂ ಒಂದೊಂದು ಅಂಕೆ. ಓದುವ ಹಕ್ಕಿಗೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧. ಇವುಗಳ ಮೊತ್ತವೇ ಆ ಅಂಕೆ. ಇವು ದ್ವಿಮಾನ ಪದ್ಧತಿಯ ಸ್ಥಾನಬೆಲೆಗಳಾದುದರಿಂದ ಎರಡು ಬೇರೆ ಜೋಡಣೆಗಳಿಗೆ ಒಂದೇ ಮೊತ್ತ ಬರಲಾರದು. ೬೪೪ ಎಂದರೆ ಒಡೆಯನು ಓದಿ ಬರೆಯಬಹುದು, ಮಿಕ್ಕವರು ಓದಬಹುದು.

ಇಲ್ಲೊಂದು ಸೂಕ್ಷ್ಮವುಂಟು. ಫೋಲ್ಡರಿನ ವಿಷಯದಲ್ಲಿ '೧' ಎಂಬುದು ಅದನ್ನು ಹಾಯ್ದು ಒಳಹೋಗುವ ಹಕ್ಕು. ಕಡತಕ್ಕೆ ೬೪೪ ಇದ್ದರೂ, ದಾರಿಯಲ್ಲಿರುವ ಯಾವುದೋ ಒಂದು ಫೋಲ್ಡರಿಗೆ ೭೦೦ ಇದ್ದರೆ, ಸರ್ವರಿನ ಪಾಲಿಗೆ ಅದು ಬೀಗ ಹಾಕಿದ ಮನೆಯಲ್ಲಿರುವ ತೆರೆದ ಪುಸ್ತಕ. ಕಡತವನ್ನಷ್ಟೇ ಪರೀಕ್ಷಿಸುವವನು ದಿನವಿಡೀ ತಲೆ ಕೆರೆದುಕೊಂಡರೂ ದೋಷ ಸಿಕ್ಕದು. ಮೇಲಿನಿಂದ ಒಂದೊಂದೇ ಫೋಲ್ಡರಿನ ಅನುಮತಿಯನ್ನು 'ಎಲ್‌ಎಸ್' ಆಜ್ಞೆಯಿಂದ ನೋಡುತ್ತ ಬಂದು, ತಡೆ ಕಂಡಲ್ಲಿ 'ಸಿಎಚ್‌ಮಾಡ್' ಆಜ್ಞೆಯಿಂದ ೭೫೫ ಮಾಡಬೇಕು.

ವರದಿ ಬರೆಯುವ ಕಡತವಿಲ್ಲವೆಂದು ಪ್ರೋಗ್ರಾಮು ನಿಂತುಬಿಡುವುದೂ ಉಂಟು. 'ಟಚ್' ಆಜ್ಞೆಯು ಬರಿದಾದ ಕಡತವನ್ನು ಸೃಷ್ಟಿಸುತ್ತದೆ. ಆದರೆ ಸರ್ವಾಧಿಕಾರಿಯಾದ 'ರೂಟ್' ಹೆಸರಿನಲ್ಲಿ ಸೃಷ್ಟಿಸಿದರೆ ಒಡೆತನವೂ ಅವನದೇ, ಪ್ರೋಗ್ರಾಮು ಬರೆಯಲಾರದು. ಪ್ರೋಗ್ರಾಮು ಯಾವ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆಯೋ ಅವನಿಗೆ 'ಸಿಎಚ್‌ಓನ್' ಆಜ್ಞೆಯಿಂದ ಒಡೆತನವನ್ನು ವರ್ಗಾಯಿಸಬೇಕು.

ಈ ಗೋಜೇ ಬೇಡವೆಂದು ಎಲ್ಲಕ್ಕೂ ೭೭೭ ಕೊಟ್ಟುಬಿಡುವವರಿದ್ದಾರೆ. ತೊಂದರೆಯೇನೋ ಒಡನೆಯೇ ಮಾಯವಾಗುತ್ತದೆ. ಆ ಮಾರ್ಗದ ಕೆಡುಕೇ ಅದು. ಕಡತವನ್ನು ಅಳಿಸುವ ಹಕ್ಕು ನಿರ್ಧಾರವಾಗುವುದು ಕಡತದ ಅಂಕೆಗಳಿಂದಲ್ಲ, ಅದಿರುವ ಫೋಲ್ಡರಿನ ಅಂಕೆಗಳಿಂದ. ಫೋಲ್ಡರು ೭೭೭ ಆಗಿದ್ದರೆ, ಒಳಗಿನ ಕಡತಕ್ಕೆ ೪೪೪ ಎಂದು ಕಾವಲಿಟ್ಟಿದ್ದರೂ, ಅಲ್ಲಿಯವರೆಗೆ ಹೋಗಬಲ್ಲ ಯಾವ ಬಳಕೆದಾರನಾದರೂ ಅದನ್ನು ಅಳಿಸಿ ಅದೇ ಹೆಸರಿನ ಬೇರೊಂದನ್ನು ಇಡಬಲ್ಲನು. ಎಲ್ಲರೂ ಬರೆಯಲೇಬೇಕಾದ 'ಟಿಎಂಪಿ' ಎಂಬ ತಾತ್ಕಾಲಿಕ ಫೋಲ್ಡರಿಗೆ ಇನ್ನೊಂದು ಅಂಕೆಯನ್ನು ಮುಂದಿಟ್ಟು ೧೭೭೭ ಮಾಡುವುದು ಇದೇ ಕಾರಣದಿಂದ: ಅಲ್ಲಿ ಯಾರಾದರೂ ಬರೆಯಬಹುದು, ಆದರೆ ಸಾಮಾನ್ಯ ಬಳಕೆದಾರನು ಪರರ ಕಡತವನ್ನು ಅಳಿಸಲಾರನು.