ಅಂಚಿನಿಂದ ನಡುವಿಗೆ: ಸಿದ್ದಿ ಮಹಿಳೆಯರ ಕೌದಿ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಮೊದಲೇ ಬರೆದಿಟ್ಟುಕೊಂಡ ನಕ್ಷೆ ಇರುವುದಿಲ್ಲ. ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟೂ ಬೇಕಿಲ್ಲ. ಹಳೇ ಸೀರೆ, ಚಿಂದಿಯ ಗಂಟು, ಸೂಜಿ, ದಪ್ಪ ಹತ್ತಿದಾರ ಇದ್ದರೆ ಕೆಲಸ ಶುರು. ಅವರ ಮನೆಮಾತಿನಲ್ಲಿ ಇದು ಕವಂದಿ.

ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದ ಆಫ್ರಿಕನ್ನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಲ್ಲಿನ ಸಿದ್ದಿಯರಲ್ಲಿ ಅನೇಕರು ಅವರ ವಂಶಸ್ಥರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಇವರಲ್ಲಿದ್ದಾರೆ; ಕೌದಿ ಮೂವರ ಮನೆಯಲ್ಲೂ ಇದೆ.

ಪಾಶ್ಚಾತ್ಯ ಕ್ವಿಲ್ಟ್‌ನಲ್ಲಿ ಸಾಮಾನ್ಯವಾಗಿ ಮೊದಲು ತುಂಡುಗಳನ್ನು ಜೋಡಿಸಿ ಮೇಲ್ಪದರ ಸಿದ್ಧಮಾಡುತ್ತಾರೆ. ಆಮೇಲೆ ಹತ್ತಿಯ ಪದರ, ಅಡಿಬಟ್ಟೆ ಸೇರಿಸಿ ಮೂರನ್ನೂ ಒಟ್ಟಿಗೆ ಹೊಲಿಯುತ್ತಾರೆ. ಸಿದ್ದಿ ಕೌದಿಯಲ್ಲಿ ಈ ಎರಡೂ ಕೆಲಸ ಒಂದೇ ಹೊಲಿಗೆಯಲ್ಲಿ ಮುಗಿಯುತ್ತವೆ. ನೆಲದ ಮೇಲೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ತುಂಡುಗಳನ್ನು ಇಡುತ್ತ ಹೋಗುತ್ತಾರೆ. ತುಂಡಿನ ಹಸಿ ಅಂಚನ್ನು ಬೆರಳಿನಿಂದ ಒಳಕ್ಕೆ ಮಡಚಿ, ಪಕ್ಕದ ತುಂಡಿನ ಮೇಲೆ ತುಸು ಏರಿಸಿ, ಎಲ್ಲ ಪದರ ಸಿಕ್ಕುವಂತೆ ಸೂಜಿ ಇಳಿಸಿ ಎತ್ತುತ್ತಾರೆ. ಇದು ಸಾದಾ ರನ್ನಿಂಗ್ ಹೊಲಿಗೆ. ನಾಲ್ಕೂ ಬದಿ ಸುತ್ತಿ ಬಂದ ದಾರ ಮತ್ತೆ ಒಳಗಿನ ಸುತ್ತು ಹಿಡಿಯುತ್ತದೆ. ಹೀಗೆ ಸುತ್ತು ಕಿರಿದಾಗುತ್ತ ನಡುವಿನಲ್ಲಿ ಕೊನೆಯ ತುಂಡು ಕೂರುತ್ತದೆ. ಯಾವ ಬಣ್ಣದ ಪಕ್ಕ ಯಾವುದು ಎಂಬ ತೀರ್ಮಾನವೂ ಹೊಲಿಯುತ್ತಲೇ ಆಗುವಂಥದ್ದು. ಕೆಲವರು ದೊಡ್ಡ ತುಂಡುಗಳ ಮೇಲೆ ‘ಟಿಕೆಲಿ’ ಎಂಬ ಪುಟ್ಟ ಬಣ್ಣದ ತುಂಡುಗಳನ್ನು ಕೂರಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿದ ‘ಫೂಲ’ ಹೊಲಿದರೇ ಕೌದಿ ಪೂರ್ತಿಯಾಯಿತು ಎಂದು ಲೆಕ್ಕ.

ಬಟ್ಟೆ ಆರಿಸುವುದರಲ್ಲೂ ಕಸುಬಿನ ತಿಳಿವಳಿಕೆ ಇದೆ. ಒಗೆದು ಒಗೆದು ಮೆತ್ತಗಾದ ಹತ್ತಿಬಟ್ಟೆಯಲ್ಲಿ ಸೂಜಿ ಸಲೀಸಾಗಿ ಓಡುತ್ತದೆ, ಮಡಚಿದ ಅಂಚು ಮಡಚಿದಂತೆಯೇ ನಿಲ್ಲುತ್ತದೆ. ಪಾಲಿಯೆಸ್ಟರ್ ಜಾರುತ್ತದೆ, ಜೀನ್ಸ್‌ನಂಥ ದಪ್ಪ ಬಟ್ಟೆ ಪದರದ ಮೇಲೆ ಪದರ ಬಂದಲ್ಲಿ ಬೆರಳಿಗೆ ನೋವು ಕೊಡುತ್ತದೆ. ದಾರದ ಎಳೆತವೂ ಹದವಾಗಿರಬೇಕು. ಬಿಗಿ ಹೆಚ್ಚಾದರೆ ಬಟ್ಟೆ ಮುದುಡುತ್ತದೆ, ಸಡಿಲವಾದರೆ ಪದರಗಳು ಒಂದರ ಮೇಲೊಂದು ಸರಿಯುತ್ತವೆ. ಹದ ಸಿಕ್ಕ ಕೌದಿಯ ಮೈಮೇಲೆ ಸಣ್ಣ ನಿರಿಗೆಗಳು ಏಳುತ್ತವೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಈ ಕೌದಿಗಳನ್ನು ಅಧ್ಯಯನ ಮಾಡಿದರು. ಹೊಲಿಯುವವರದೇ ಒಂದು ಸಹಕಾರಿ ಗುಂಪು ರೂಪುಗೊಳ್ಳಲೂ ಅವರು ನೆರವಾದರು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ನ್ಯೂಯಾರ್ಕ್‌ಗಳಲ್ಲಿ ಇವು ಪ್ರದರ್ಶನಗೊಂಡವು. ಮಕ್ಕಳಿಗೂ ಮೊಮ್ಮಕ್ಕಳಿಗೂ ಹೊದಿಸಲು ಹೊಲಿದದ್ದು ಕಲಾಕೃತಿಯಾಗಿ ಗೋಡೆಯೇರಿತು.

ನಮ್ಮಲ್ಲೂ ಇದಕ್ಕೆ ತಕ್ಕ ಬೆಲೆ ಸಿಗಬೇಕು. ಹಳೇ ಬಟ್ಟೆಯ ಹೊದಿಕೆಗೆ ಇಷ್ಟು ದುಡ್ಡೇ ಎಂದು ಚೌಕಾಸಿ ಮಾಡುವ ಮುನ್ನ ಕೌದಿಯನ್ನು ತಿರುವಿ ಹಾಕಿ ಹಿಂಬದಿ ನೋಡಿ. ಅಲ್ಲಿ ಬಣ್ಣಗಳ ಆಕರ್ಷಣೆ ಇರುವುದಿಲ್ಲ, ಸುತ್ತು ಸುತ್ತಾಗಿ ಓಡಿದ ಹೊಲಿಗೆಯ ಸಾಲುಗಳಷ್ಟೇ ಕಾಣುತ್ತವೆ. ನಾವು ಕೊಡುವ ಹಣ ಸಲ್ಲಬೇಕಾದದ್ದು ಆ ಸಾಲುಗಳಿಗೆ.