ತೋಟದ ಜೀಪಿನ ಹ್ಯಾಂಡ್‌ಬ್ರೇಕ್ ಕೇಬಲ್

ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಿಂದ ಮೂಡಿಗೆರೆ, ಕಳಸಗಳ ಕಡೆಗೆ ಹಬ್ಬಿರುವ ಕಾಫಿ ತೋಟಗಳಲ್ಲಿ ಹಳೆಯ ಜೀಪು ಇಂದಿಗೂ ದುಡಿಯುವ ವಾಹನವೇ ಆಗಿದೆ. ಮಹೀಂದ್ರ ಸಂಸ್ಥೆಯು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿ, ಅಮೆರಿಕದಲ್ಲಿ 1953ರಲ್ಲಿ ಹೊರಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿಯನ್ನು ಮುಂದೆ ಇಲ್ಲಿಯೇ ತಯಾರಿಸಿತು. ಇಂಥ ಜೀಪುಗಳನ್ನು ಮೊದಲಿನ ಸ್ಥಿತಿಗೆ ತರಲು ಹೊರಟವರು ಎಂಜಿನ್ನಿಗೂ ಬಣ್ಣಕ್ಕೂ ಕೊಡುವ ಗಮನವನ್ನು ಹ್ಯಾಂಡ್‌ಬ್ರೇಕಿನ ಕೇಬಲ್ಲಿಗೆ ಕೊಡುವುದು ಅಪರೂಪ. ಸಮತಟ್ಟಾದ ಜಾಗವೇ ದುರ್ಲಭವಾದ ಈ ಸೀಮೆಯಲ್ಲಿ ಅದು ಸಣ್ಣ ಉಪೇಕ್ಷೆಯಲ್ಲ.

ಸಾಮಾನ್ಯ ಕಾರುಗಳಲ್ಲಿ ಹ್ಯಾಂಡ್‌ಬ್ರೇಕು ಹಿಂದಿನ ಗಾಲಿಗಳನ್ನೇ ಹಿಡಿಯುತ್ತದೆ. ಈ ಜೀಪುಗಳಲ್ಲಿ ಹಾಗಲ್ಲ: ಡ್ಯಾಶ್‌ಬೋರ್ಡಿನ ಬಳಿಯ ಹಿಡಿಯನ್ನು ಎಳೆದಾಗ ಒಂದೇ ಕೇಬಲ್ಲು, ಎಂಜಿನ್ನಿನ ಶಕ್ತಿಯನ್ನು ಮುಂದಿನ ಹಾಗೂ ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಪುಟ್ಟ ಡ್ರಮ್ಮನ್ನು ಬ್ರೇಕ್ ಶೂಗಳು ಬಿಗಿಹಿಡಿಯುವಂತೆ ಮಾಡಿ, ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲರ್ ಶಾಫ್ಟು ತಿರುಗದಂತೆ ತಡೆಯುತ್ತದೆ. ವಿಲ್ಲೀಸ್ ಸಿಜೆ-3ಬಿಯ ಆಕ್ಸಲ್ಲಿನ ಅನುಪಾತ 5.38 ಇದ್ದುದರಿಂದ ಡ್ರಮ್ಮಿನ ಹಿಡಿತ ಗಾಲಿಗಳನ್ನು ತಲುಪುವಾಗ ಐದು ಪಟ್ಟಿಗೂ ಮಿಗಿಲಾಗುತ್ತದೆ. ಆದರೆ ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದರೆ, ಎರಡು ಗಾಲಿಗಳನ್ನು ಬೇರೆಬೇರೆಯಾಗಿ ತಿರುಗಗೊಡುವ ಡಿಫರೆನ್ಷಿಯಲ್ಲಿನ ದೆಸೆಯಿಂದ ಎತ್ತಿದ ಗಾಲಿ ಹಿಮ್ಮುಖವಾಗಿ ತಿರುಗಿ ನೆಲದ ಮೇಲಿನ ಗಾಲಿ ಉರುಳಬಲ್ಲದು. ಆದುದರಿಂದ ಗಾಲಿಗಳಿಗೆ ಕಲ್ಲು ಕೊಡದೆ ಜೀಪಿನ ಅಡಿಗೆ ಯಾರೂ ನುಸುಳಬಾರದು.

ಕೇಬಲ್ಲಿನಲ್ಲಿ ಎರಡು ಭಾಗಗಳಿವೆ: ಉಕ್ಕಿನ ಎಳೆಗಳನ್ನು ಹೊಸೆದ ಒಳತಂತಿ ಮತ್ತು ಸುರುಳಿ ಸುತ್ತಿದ ತಂತಿಯಿಂದಾದ ಔಟರ್ ಎಂಬ ಕೊಳವೆ. ಔಟರಿನ ಎರಡು ತುದಿಗಳೂ ಕ್ಲಿಪ್ಪುಗಳಲ್ಲಿ ಭದ್ರವಾಗಿ ನಿಂತಿದ್ದರೆ ಮಾತ್ರ ಒಳತಂತಿಯ ಎಳೆತ ಡ್ರಮ್ಮಿಗೆ ಪೂರ್ತಿ ಮುಟ್ಟುತ್ತದೆ. ಮುಂಗಾರಿನ ನೀರೂ ಕೆಸರೂ ತುದಿಗಳಿಂದ ಒಳಸೇರಿದಾಗ ತುಕ್ಕು ಉಬ್ಬಿ ತಂತಿ ಕಚ್ಚಿಕೊಳ್ಳುತ್ತದೆ. ಆಗ ಬ್ರೇಕು ಹಿಡಿಯುವುದೂ ಇಲ್ಲ, ಹಿಡಿದರೆ ಬಿಡುವುದೂ ಇಲ್ಲ. ಜೀಪನ್ನು ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕನ್ನು ಮರೆತೇಬಿಡುವ ರೂಢಿ ಈ ಕೆಡುಕನ್ನು ಹೆಚ್ಚಿಸುತ್ತದೆ, ಏಕೆಂದರೆ ಅಲುಗಾಡದ ತಂತಿಗೆ ತುಕ್ಕು ಬೇಗ ಕಟ್ಟುತ್ತದೆ.

ಬಿಚ್ಚುವ ಮೊದಲೇ ಕೇಬಲ್ಲು ಹಾದುಹೋಗುವ ದಾರಿ, ಕ್ಲಿಪ್ಪುಗಳ ಸ್ಥಾನ, ಔಟರಿನ ಹಾಗೂ ಒಳತಂತಿಯ ಉದ್ದಗಳನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ತಂತಿಯ ಎಳೆಗಳು ಗಟ್ಟಿಯಾಗಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಕೇಬಲ್ಲನ್ನು ನೇತುಹಾಕಿ, ಮೇಲ್ತುದಿಯಿಂದ ಬಿಟ್ಟ ತೆಳು ಎಣ್ಣೆ ಕೆಳತುದಿಯಲ್ಲಿ ತೊಟ್ಟಿಕ್ಕುವವರೆಗೆ ಕಾದರೆ ಸಾಕು. ಒಂದೇ ಎಳೆ ಕಡಿದಿದ್ದರೂ ಒಳತಂತಿಯನ್ನು ಬದಲಿಸುವುದೇ ಸರಿ. ಹಳೆಯದೆಂಬ ಮಮತೆ ಇಲ್ಲಿ ಸಲ್ಲದು, ಅದನ್ನು ಹಿಡಿ, ಬ್ರಾಕೆಟ್ಟು, ಪಿನ್ನುಗಳಂಥ ಮೂಲ ಭಾಗಗಳನ್ನು ಉಳಿಸಿಕೊಳ್ಳುವುದಕ್ಕೆ ಮೀಸಲಿಡಬಹುದು. ತುದಿಗಳನ್ನು ಯಂತ್ರದಲ್ಲಿ ಒತ್ತಿ ಕೂರಿಸುವುದು ಕ್ಷೇಮಕರ, ಏಕೆಂದರೆ ಬೆಸುಗೆಯ ಅತಿಯಾದ ಶಾಖಕ್ಕೆ ಉಕ್ಕು ಮೆದುವಾಗುತ್ತದೆ.

ಹೊಸ ಕೇಬಲ್ಲು ಕೂತ ಮೇಲೂ ಹಿಡಿತ ಸಾಲದಿದ್ದರೆ ಅದನ್ನೇ ಇನ್ನಷ್ಟು ಬಿಗಿಮಾಡುವುದು ತಪ್ಪು ದಾರಿ. ಮೊದಲು ಡ್ರಮ್ಮನ್ನು ಬಿಚ್ಚಿ ಶೂಗಳ ಮೇಲಿನ ಲೈನರು ಸವೆದಿದೆಯೇ, ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸೀಲು ಸೋರಿ ಲೈನರಿಗೆ ಎಣ್ಣೆ ಹತ್ತಿದೆಯೇ ಎಂದು ನೋಡಿ, ಅದನ್ನು ಸರಿಪಡಿಸಿ, ಬ್ರೇಕ್ ಶೂಗಳನ್ನು ಹೊಂದಿಸಿದ ಬಳಿಕವೇ ಕೇಬಲ್ಲಿನ ಸಡಿಲವನ್ನು ತೆಗೆಯಬೇಕು, ಹಿಡಿಯನ್ನು ಬಿಟ್ಟಾಗ ಡ್ರಮ್ಮು ತಡೆಯಿಲ್ಲದೆ ತಿರುಗುವಷ್ಟು ಸಡಿಲವನ್ನು ಮಾತ್ರ ಉಳಿಸಿಕೊಳ್ಳಬೇಕು.