ಎಚ್ಚರಗೊಳ್ಳದ ಕಂಪ್ಯೂಟರು

ಕೊಡಗಿನ ಮಳೆಗಾಲಕ್ಕೂ ವಿದ್ಯುತ್ತಿಗೂ ಹಳೆಯ ವೈರ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕು ಮಳೆ ಕಾಣುವ ಮಡಿಕೇರಿಯ ಸುತ್ತಿನಲ್ಲಿ, ಅದಕ್ಕಿಂತಲೂ ಹೆಚ್ಚು ಸುರಿಯುವ ಭಾಗಮಂಡಲದ ಕಡೆಯಲ್ಲಿ, ಕಾಫಿ ತೋಟಗಳ ನೆರಳು ಮರಗಳ ನಡುವೆ ಹಾದುಬರುವ ತಂತಿಗಳು ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ತನಕ ನೆಮ್ಮದಿಯಿಂದಿರುವುದು ಅಪರೂಪ. ಸಿಲ್ವರ್ ಓಕಿನ ಒಂದು ಕೊಂಬೆ ಮುರಿದರೆ ಸಾಕು, ಒಂದು ಗ್ರಾಮವೇ ಕತ್ತಲಾಗುತ್ತದೆ. ದೀಪಕ್ಕೆ ಇದರಿಂದ ಹಾನಿಯೇನೂ ಇಲ್ಲ; ವಿದ್ಯುತ್ತು ಮರಳಿದೊಡನೆ ಅದು ಮೊದಲಿನಂತೆಯೇ ಉರಿಯುತ್ತದೆ. ಮೇಜಿನ ಮೇಲಿನ ಕಂಪ್ಯೂಟರಿನ ಸಂಗತಿ ಬೇರೆ. ದೀಪಕ್ಕೆ ನೆನಪೆಂಬುದಿಲ್ಲ, ಕಂಪ್ಯೂಟರಿಗೆ ಇದೆ. ತನ್ನ ನೆನಪನ್ನು ಅದು ಡಿಸ್ಕಿನ ಮೇಲೆ ಬರೆಯುತ್ತಿರುವ ಕ್ಷಣದಲ್ಲಿಯೇ ವಿದ್ಯುತ್ತು ಕೈಕೊಟ್ಟರೆ, ಮರುದಿನ ಗುಂಡಿ ಒತ್ತಿದಾಗ ಪರದೆಯ ಮೇಲೆ ನಾಲ್ಕು ಸಾಲು ಬಿಳಿಯ ಅಕ್ಷರಗಳು ಮೂಡಿ, ಅಲ್ಲಿಗೇ ನಿಂತುಬಿಡುವುದುಂಟು.

ಆಗ ಮನೆಯವರನ್ನು ಕಾಡುವ ಪ್ರಶ್ನೆ ಒಂದೇ: ಒಳಗಿದ್ದುದೆಲ್ಲ ಹೋಯಿತೆ?

ಒಳಗಿರುವುದಾದರೂ ಏನು? ತೋಟದ ಕೂಲಿಯ ಲೆಕ್ಕ, ಒಕ್ಕದ ವಂಶಾವಳಿ, ಮದುವೆಯ ಚಿತ್ರಗಳು, ಐನ್‌ಮನೆಯ ಹಳೆಯ ಕಾಗದಗಳ ಪಡಿಯಚ್ಚು. ಇವೆಲ್ಲಕ್ಕಿಂತ ಮೇಲಾಗಿ ಮಳೆಯ ಲೆಕ್ಕ. ಕೊಡಗಿನ ಬೆಳೆಗಾರರು ಪ್ರತಿದಿನ ಬೆಳಿಗ್ಗೆ ಮಳೆಮಾಪಕವನ್ನು ನೋಡಿ ಇಂಚು, ಸೆಂಟುಗಳಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಒಂದು ಇಂಚೆಂದರೆ 25.4 ಮಿಲಿಮೀಟರು, ಅದರ ನೂರರಲ್ಲೊಂದು ಪಾಲು ಸೆಂಟು. ಹೂಮಳೆ ಯಾವ ವರ್ಷ ಯಾವ ದಿನ ಬಿತ್ತೆಂಬುದರ ಮೇಲೆ ಬೆಳೆಯ ಅಂದಾಜೇ ನಿಂತಿರುವಾಗ, ಅಜ್ಜನ ರಿಜಿಸ್ಟರಿನಿಂದ ಮೊಮ್ಮಗ ಕಂಪ್ಯೂಟರಿಗೆ ಏರಿಸಿದ ಆ ಅಂಕಿಗಳಿಗೆ ಬೆಲೆ ಕಟ್ಟುವುದು ಹೇಗೆ? ಜಮೀನಿನ ಪಹಣಿಯಾದರೆ ಭಯವಿಲ್ಲ. ಕೈಬರಹದ ಪಹಣಿಗಳನ್ನು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದಾಗ, 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಸರ್ಕಾರದ ಸುಪರ್ದಿಗೆ ಬಂದವು. ಮನೆಯ ಯಂತ್ರ ಕೆಟ್ಟರೂ ಅವುಗಳ ನಕಲು ಸಿಗುತ್ತದೆ. ಮಳೆಯ ಲೆಕ್ಕ ಮತ್ತೆಲ್ಲಿಂದ ಬರಬೇಕು?

ಸಮಾಧಾನದ ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ಕಂಪ್ಯೂಟರಿನಲ್ಲಿರುವ ಕಡತಗಳು, ಅಂದರೆ ಫೈಲುಗಳು, ಎರಡು ಬಗೆಯವು. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿಗೆ ಸೇರಿದ ಕಡತಗಳು ಒಂದು ಬಗೆ. ಇವು ಲೋಕದ ಕೋಟ್ಯಂತರ ಯಂತ್ರಗಳಲ್ಲಿ ಹೆಚ್ಚುಕಡಿಮೆ ಒಂದೇ ರೂಪದಲ್ಲಿರುವುದರಿಂದ, ಕೆಟ್ಟರೆ ಬೇರೆಡೆಯಿಂದ ತಂದು ಹಾಕಬಹುದು. ನೀವು ಬರೆದಿಟ್ಟವು ಇನ್ನೊಂದು ಬಗೆ, ಇವಕ್ಕೆ ಜೋಡಿಯಿಲ್ಲ. ಯಂತ್ರ ಏಳಲೊಲ್ಲದೆಂದರೆ ಬಹುಮಟ್ಟಿಗೆ ಕೆಟ್ಟಿರುವುದು ಮೊದಲನೆಯ ಬಗೆಯ ಒಂದೋ ಎರಡೋ ಕಡತ. ಎರಡನೆಯವು ಡಿಸ್ಕಿನ ಮೇಲೆ ಇದ್ದಲ್ಲಿಯೇ ಇರುತ್ತವೆ. ಆದರೆ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ರಿಪೇರಿಯವರ ಅವಸರದ ಮಾತಿಗೆ ಹೂಗುಟ್ಟಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಬೀಗ ಕೆಟ್ಟಿತೆಂದು ಪೆಟ್ಟಿಗೆಯನ್ನೇ ಒಲೆಗೆ ಹಾಕುವವರನ್ನು ನಾವು ಕಂಡಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅದು ದಿನನಿತ್ಯ ನಡೆಯುತ್ತಿದೆ.

ಈ ಯಂತ್ರವು ಎಚ್ಚರಗೊಳ್ಳುವ ಬಗೆಯನ್ನು ತಿಳಿದರೆ ಇದು ಇನ್ನಷ್ಟು ಸ್ಪಷ್ಟವಾದೀತು. ಇಲ್ಲೊಂದು ಒಗಟಿದೆ. ಕಂಪ್ಯೂಟರು ಏನು ಮಾಡಬೇಕಾದರೂ ಅದಕ್ಕೆ ಆದೇಶಗಳು ಬೇಕು. ಆ ಆದೇಶಗಳಿರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಓದುವುದಕ್ಕೂ ಆದೇಶ ಬೇಕು! ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಂತಾಯಿತು. ತಾನು ತೊಟ್ಟ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ನೆಲದಿಂದ ಮೇಲೇಳುವ ಅಸಾಧ್ಯ ಸಾಹಸಕ್ಕೆ ಇದನ್ನು ಹೋಲಿಸಿ, ಪಾಶ್ಚಾತ್ಯರು ಈ ಕ್ರಿಯೆಗೆ ‘ಬೂಟ್’ ಎಂದೇ ಹೆಸರಿಟ್ಟರು. ಯಂತ್ರಶಿಲ್ಪಿಗಳು ಒಗಟನ್ನು ಬಿಡಿಸಿದ್ದು ಹೀಗೆ: ಮುಖ್ಯ ಫಲಕದ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿ, ವಿದ್ಯುತ್ತು ಹೋದರೂ ಅಳಿಯದಂತೆ, ಒಂದಿಷ್ಟು ಆದೇಶಗಳನ್ನು ಬರೆದಿಟ್ಟರು. ಹಳೆಯ ಯಂತ್ರಗಳಲ್ಲಿ ಇದನ್ನು ಬಯಾಸ್ ಎನ್ನುತ್ತಾರೆ, ಹೊಸವುಗಳಲ್ಲಿ ಯುಇಎಫ್‌ಐ. ಗುಂಡಿ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಇದು. ತನ್ನ ಸ್ಮರಣಕೋಶ, ಕೀಲಿಮಣೆ, ಡಿಸ್ಕುಗಳು ಇವೆಯೇ ಎಂದು ಇದು ತಡವಿ ನೋಡಿಕೊಳ್ಳುತ್ತದೆ. ಬಳಿಕ, ಹಳೆಯ ಪದ್ಧತಿಯಲ್ಲಾದರೆ, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಮಾತ್ರ ಓದುತ್ತದೆ. ಅದರಲ್ಲಿರುವ ಪುಟ್ಟ ಕಾರ್ಯಕ್ರಮವು ತನಗಿಂತ ದೊಡ್ಡದೊಂದನ್ನು ಎಬ್ಬಿಸುತ್ತದೆ; ಅದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲನ್ನು ಎಬ್ಬಿಸುತ್ತದೆ; ಕರ್ನೆಲ್ಲು ಡಿಸ್ಕು, ಪರದೆ ಮೊದಲಾದವುಗಳನ್ನು ನಡೆಸುವ ಚಾಲಕ ಕಡತಗಳನ್ನೂ, ಯಂತ್ರದ ಸಮಸ್ತ ವ್ಯವಸ್ಥೆಯನ್ನು ಬರೆದಿಟ್ಟಿರುವ ರಿಜಿಸ್ಟ್ರಿ ಎಂಬ ದಫ್ತರವನ್ನೂ ತೆರೆಯುತ್ತದೆ. ಸರಪಳಿಯ ಒಂದು ಕೊಂಡಿ ತುಂಡಾದರೆ ಮುಂದಿನ ಕೊಂಡಿಗಳು ಎಷ್ಟು ಗಟ್ಟಿಯಾಗಿದ್ದರೂ ಅವುಗಳಿಗೆ ಕರೆ ಹೋಗುವುದೇ ಇಲ್ಲ.

ಕೊಂಡಿ ತುಂಡಾಗುವುದು ಹೇಗೆ? ವೇಗಕ್ಕಾಗಿ ಕಂಪ್ಯೂಟರು ಬರೆಯಬೇಕಾದುದನ್ನು ಒಡನೆಯೇ ಡಿಸ್ಕಿಗೆ ಬರೆಯದೆ, ತುಸು ಹೊತ್ತು ಸ್ಮರಣಕೋಶದಲ್ಲಿ ಕೂಡಿಟ್ಟುಕೊಂಡು ಒಟ್ಟಾಗಿ ಬರೆಯುತ್ತದೆ. ವಿದ್ಯುತ್ತು ಹೋದರೆ ಕೂಡಿಟ್ಟದ್ದು ಹೋಯಿತು. ಡಿಸ್ಕಿನ ಮೇಲೆ ಕಡತದ ಅರ್ಧ ಹೊಸದು, ಅರ್ಧ ಹಳೆಯದು. ಇದಕ್ಕೆ ಪರಿಹಾರವಿಲ್ಲದೆ ಇಲ್ಲ. 1993ರಲ್ಲಿ ವಿಂಡೋಸ್ ಎನ್‌ಟಿಯೊಡನೆ ಬಂದ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯು, ಮಾಡಹೊರಟ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಗುರುತು ಹಾಕಿಕೊಂಡೇ ಕೆಲಸಕ್ಕೆ ಕೈಹಾಕುತ್ತದೆ. ನಡುವೆ ಕತ್ತಲಾದರೆ, ಮರಳಿ ಎದ್ದಾಗ ದಿನಚರಿಯನ್ನು ನೋಡಿ ಕೆಲಸವನ್ನು ಮುಗಿಸುತ್ತದೆ, ಇಲ್ಲವೆ ಹಿಂದಕ್ಕೆ ತೆಗೆಯುತ್ತದೆ. ಕೊರತೆಯೆಂದರೆ, ಈ ದಿನಚರಿಯಲ್ಲಿ ಬರುವುದು ಕಡತದ ಹೆಸರು, ಜಾಗ, ಅಳತೆ ಮುಂತಾದ ಮೇಲ್ವಿವರ ಮಾತ್ರ. ಒಳಗಿನ ಒಕ್ಕಣೆ ಬರುವುದಿಲ್ಲ. ಆದುದರಿಂದ ಕಡತವು ಹೊರಗಿನಿಂದ ಸರಿಯಾಗಿಯೇ ಕಂಡು, ಒಳಗೆ ಹಾಳಾಗಿರುವುದು ಸಾಧ್ಯ. ಯಂತ್ರವು ತನ್ನ ಹೊಸ ಆವೃತ್ತಿಯನ್ನು ಹಾಕಿಕೊಳ್ಳುತ್ತಿರುವಾಗ ವಿದ್ಯುತ್ತು ಹೋಗುವುದೇ ಎಲ್ಲಕ್ಕಿಂತ ಅಪಾಯ, ಏಕೆಂದರೆ ಆಗ ಬರೆಯಲ್ಪಡುತ್ತಿರುವುದು ಸರಪಳಿಯ ಕೊಂಡಿಗಳೇ.

ಕೆಡುಕಿಗೆ ಮಳೆಯೇ ಬೇಕೆಂದಿಲ್ಲ. 2024ರ ಜುಲೈ 19ರಂದು, ಕೊಡಗಿನಲ್ಲಿ ಕಕ್ಕಡ ತಿಂಗಳು ಹುಟ್ಟಿ ಎರಡು ಮೂರು ದಿನವಾಗಿತ್ತಷ್ಟೆ, ಲೋಕದಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ಉದ್ದನೆಯ ಸಾಲುಗಳಲ್ಲಿ ಕಾದರು. ದೇಶದಲ್ಲಿ ಕೈಬರಹದ ಬೋರ್ಡಿಂಗ್ ಪಾಸುಗಳೂ ಅಂದು ಕಾಣಿಸಿಕೊಂಡವು. ಕಾರಣ, ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿಯು ತನ್ನ ಕಾವಲು ಕಾರ್ಯಕ್ರಮಕ್ಕೆ ಕಳುಹಿಸಿದ ಒಂದು ಸಣ್ಣ ಕಡತ. ಕಡತವು 21 ಅಂಶಗಳನ್ನು ನೋಡಲು ಹೇಳುತ್ತಿತ್ತು. ಕಾರ್ಯಕ್ರಮದ ಕೈಯಲ್ಲಿದ್ದುದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಅದು ತನ್ನದಲ್ಲದ ಸ್ಮರಣಭಾಗಕ್ಕೆ ಕೈಹಾಕಿತು. ಕರ್ನೆಲ್ಲಿನ ಆವರಣದಲ್ಲಿ ಇಂಥ ತಪ್ಪು ನಡೆದರೆ, ಮುಂದುವರಿದು ಡಿಸ್ಕನ್ನು ಕೆಡಿಸುವುದಕ್ಕಿಂತ ನಿಲ್ಲುವುದೇ ಮೇಲೆಂದು ಯಂತ್ರವು ಬೇಕೆಂದೇ ನಿಂತುಬಿಡುತ್ತದೆ. ನೀಲಿ ಪರದೆಯನ್ನು ಶಪಿಸುವವರು ಇದನ್ನು ತಿಳಿದಿರಬೇಕು. ತಪ್ಪಾದ ಕಡತ ಹೊರಬಿದ್ದು 78 ನಿಮಿಷಗಳಲ್ಲಿಯೇ ಕಂಪೆನಿಯು ಸರಿಯಾದುದನ್ನು ಕಳುಹಿಸಿತು. ಆದರೆ ಏಳಲಾರದ ಯಂತ್ರಕ್ಕೆ ಔಷಧವನ್ನು ದೂರದಿಂದ ಕುಡಿಸುವುದು ಹೇಗೆ? ಹೆಚ್ಚಿನ ಕಡೆಗಳಲ್ಲಿ ಜನರು ಒಂದೊಂದು ಯಂತ್ರದ ಮುಂದೆಯೂ ಕುಳಿತು, ಕನಿಷ್ಠ ಕಡತಗಳಿಂದ ಅದನ್ನು ಎಬ್ಬಿಸುವ ‘ಸೇಫ್ ಮೋಡ್’ ಕ್ರಮದಲ್ಲಿ ತೆರೆದು, ಆ ಒಂದು ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಅಳಿಸಿದೊಡನೆ ಯಂತ್ರವು ಎದ್ದಿತು; ಒಳಗಿನ ಬರಹಗಳು ಹಾಗೆಯೇ ಇದ್ದವು.

ಇನ್ನು ನಮ್ಮ ಮೇಜಿನ ಮೇಲಿನ ಯಂತ್ರಕ್ಕೆ ಬರೋಣ. ಗುಂಡಿ ಒತ್ತಿದರೂ ಪರದೆಯಲ್ಲಿ ಏನೂ ಮೂಡದಿದ್ದರೆ ದೋಷವು ಕಡತಗಳಲ್ಲಿಲ್ಲ; ತಂತಿ, ವಿದ್ಯುತ್ ಪೆಟ್ಟಿಗೆ, ಮಳೆಗಾಲದ ತೇವಕ್ಕೆ ಕಿಲುಬು ಹಿಡಿದ ಸ್ಮರಣಫಲಕದ ಅಂಚು, ಇವನ್ನು ನೋಡತಕ್ಕದ್ದು. ತಯಾರಕರ ಮುದ್ರೆ ಮೂಡಿ ಗಡಿಯಾರ ಮಾತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ, ಮುಖ್ಯ ಫಲಕದ ಮೇಲಿನ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಮುಗಿದಿರಬಹುದು; ಯಾವ ಡಿಸ್ಕಿನಿಂದ ಏಳಬೇಕೆಂಬುದನ್ನೂ ಯಂತ್ರವು ಆಗ ಮರೆಯುವುದುಂಟು. ಡಿಸ್ಕಿನೊಳಗಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಒಡನೆಯೇ ಆರಿಸಿ. ಅಲ್ಲಿ ಸವೆಯುತ್ತಿರುವುದು ಯಂತ್ರಭಾಗ, ಪ್ರತಿಯೊಂದು ಪ್ರಯತ್ನವೂ ಹಾನಿಯನ್ನು ಹೆಚ್ಚಿಸುತ್ತದೆ. ಮುದ್ರೆ ಮೂಡಿ, ಬಳಿಕ ದೋಷದ ಸಾಲುಗಳು ಬಂದು, ಡಿಸ್ಕು ಸದ್ದಿಲ್ಲದಿದ್ದರೆ ಕಡತಗಳ ಮೇಲೆ ಸಂಶಯಪಡಬಹುದು.

ರಿಪೇರಿಗೆ ಮೊದಲು ನಿಮ್ಮ ಬರಹಗಳನ್ನು ಹೊರತೆಗೆಯಿರಿ. ಈ ಕ್ರಮವನ್ನು ತಲೆಕೆಳಗು ಮಾಡಿದವರೇ ಹೆಚ್ಚಾಗಿ ಕಳೆದುಕೊಂಡಿರುವುದು. ನೆರೆಮನೆಯ ಸುಸ್ಥಿತಿಯ ಕಂಪ್ಯೂಟರಿನಲ್ಲಿ ಒಂದು ಪೆನ್‌ಡ್ರೈವಿಗೆ ಉಚಿತವಾಗಿ ದೊರೆಯುವ ಲಿನಕ್ಸನ್ನು ಇಳಿಸಿಕೊಂಡು, ನಮ್ಮ ಯಂತ್ರವನ್ನು ಅದರಿಂದಲೇ ಎಬ್ಬಿಸಬಹುದು. ಆಗ ಸರಪಳಿಯು ಪೆನ್‌ಡ್ರೈವಿನ ಕೊಂಡಿಗಳ ಮೇಲೆ ನಡೆಯುತ್ತದೆ; ಒಳಗಿನ ಡಿಸ್ಕು ಬರಿಯ ಕಪಾಟಾಗುತ್ತದೆ. ಬೇಕಾದುದನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡರಾಯಿತು. ಹೊಸ ಯಂತ್ರಗಳಲ್ಲಿ ಒಂದು ತೊಡಕಿದೆ. ಅವುಗಳಲ್ಲಿ ಹಲವು ಡಿಸ್ಕನ್ನು ಗೂಢಲಿಪಿಯಲ್ಲಿ ಬರೆದಿಡುತ್ತವೆ; ಬಿಡಿಸಲು 48 ಅಂಕೆಗಳ ಕೀಲಿ ಬೇಕು. ಈ ಕೀಲಿಯ ಒಂದು ನಕಲನ್ನು ಯಂತ್ರ ಚೆನ್ನಾಗಿರುವಾಗಲೇ ಕಾಗದದಲ್ಲಿ ಬರೆದಿಟ್ಟುಕೊಂಡಿರದಿದ್ದರೆ, ಕಳ್ಳನಿಗೆಂದು ಹಾಕಿದ ಬೀಗ ಮನೆಯವರನ್ನೇ ಹೊರಗೆ ನಿಲ್ಲಿಸೀತು.

ಅನಂತರ ರಿಪೇರಿ. ವಿಂಡೋಸು ಏಳಲು ಸತತವಾಗಿ ಎರಡು ಸಲ ಸೋತರೆ, ಮರುಸಲ ಸಾಮಾನ್ಯವಾಗಿ ತನ್ನ ಚಿಕಿತ್ಸಾ ಪರದೆಯನ್ನು ತಾನೇ ತೆರೆಯುತ್ತದೆ. ತೆರೆಯದಿದ್ದರೆ ವಿಂಡೋಸನ್ನು ಸ್ಥಾಪಿಸುವ ಪೆನ್‌ಡ್ರೈವಿನಿಂದ ಅಲ್ಲಿಗೆ ಹೋಗಬಹುದು. ‘ಸ್ಟಾರ್ಟಪ್ ರಿಪೇರ್’ ಎಂಬುದು ಸರಪಳಿಯ ಮೊದಲ ಕೊಂಡಿಗಳನ್ನು ಬೆಸೆಯಲು ನೋಡುತ್ತದೆ. ‘ಚೆಕ್‌ಡಿಸ್ಕ್’ ಡಿಸ್ಕಿನ ಹೆಸರು-ಜಾಗಗಳ ಪಟ್ಟಿಯನ್ನು ತಾಳೆ ನೋಡುತ್ತದೆ. ನನ್ನ ಮೆಚ್ಚಿಗೆ ಮೂರನೆಯದಕ್ಕೆ. ಎಸ್‌ಎಫ್‌ಸಿ ಎಂಬ ಈ ಪರೀಕ್ಷಕನು ಪ್ರತಿಯೊಂದು ರಕ್ಷಿತ ಕಡತದ ಒಕ್ಕಣೆಯಿಂದ ಗಣಿತರೀತ್ಯಾ ಒಂದು ಬೆರಳಚ್ಚನ್ನು ತೆಗೆದು, ಇರಬೇಕಾದ ಬೆರಳಚ್ಚಿನೊಡನೆ ಹೋಲಿಸುತ್ತಾನೆ. ಕೋಟಿ ಅಂಕೆಗಳಲ್ಲಿ ಒಂದು ಬದಲಾಗಿದ್ದರೂ ಬೆರಳಚ್ಚು ಹೊಂದುವುದಿಲ್ಲ. ಆಗ ಯಂತ್ರದೊಳಗಿನ ಉಗ್ರಾಣದಿಂದ ಒಳ್ಳೆಯ ಪ್ರತಿಯನ್ನು ತಂದು ಕೆಟ್ಟುದರ ಜಾಗದಲ್ಲಿರಿಸುತ್ತಾನೆ. ಉಗ್ರಾಣವೇ ಕೆಟ್ಟಿದ್ದರೆ ಡಿಸ್ಮ್ ಎಂಬ ಇನ್ನೊಂದು ಸಾಧನವು ಅದನ್ನು ಸ್ಥಾಪನೆಯ ಪೆನ್‌ಡ್ರೈವಿನಿಂದ ತುಂಬಿಕೊಡುತ್ತದೆ. ಒಂದು ಎಚ್ಚರಿಕೆ: ಚಿಕಿತ್ಸಾ ಪರದೆಯಲ್ಲಿ ನಿಮ್ಮ ‘ಸಿ’ ವಿಭಾಗವು ‘ಡಿ’ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುವುದುಂಟು. ಒಳಗೇನಿದೆಯೆಂದು ನೋಡಿಕೊಂಡೇ ಆದೇಶ ಕೊಡಬೇಕು.

ಇವೆಲ್ಲ ಸೋತರೂ, ವೈಯಕ್ತಿಕ ಕಡತಗಳನ್ನು ಉಳಿಸಿಕೊಂಡು ವಿಂಡೋಸನ್ನು ಮಾತ್ರ ಹೊಸದಾಗಿ ಹಾಕುವ ಮಾರ್ಗವೊಂದಿದೆ. ಸ್ವಂತ ಕಾರ್ಯಕ್ರಮಗಳನ್ನು ಆ ಬಳಿಕ ಮತ್ತೆ ಹಾಕಿಕೊಳ್ಳಬೇಕಾಗುತ್ತದೆ; ಲೆಕ್ಕದ ತಂತ್ರಾಂಶ ಇಟ್ಟುಕೊಂಡಿರುವ ತೋಟದ ರೈಟರಿಗೆ ಅದು ಒಂದು ದಿನದ ಕೆಲಸವಾದೀತು. ಫಾರ್ಮ್ಯಾಟು ಬರುವುದು ಇದಕ್ಕೂ ಆಚೆ, ನಕಲುಗಳು ಬೇರೊಂದು ಡಿಸ್ಕಿನಲ್ಲಿ ಸರಿಯಾಗಿ ತೆರೆಯುತ್ತಿವೆಯೆಂದು ಕಣ್ಣಾರೆ ಕಂಡ ಮೇಲೆ.

ಯಂತ್ರ ಎದ್ದ ಮೇಲೆ ಪೇಟೆಯಿಂದ ತರಬೇಕಾದ ವಸ್ತುವೆಂದರೆ ಯುಪಿಎಸ್ಸು. ಇದರ ಬ್ಯಾಟರಿಯಿಂದ ಮನೆಯ ಮೇಜುಗಂಪ್ಯೂಟರು ಸಾಮಾನ್ಯವಾಗಿ ಕೆಲವೇ ನಿಮಿಷ ನಡೆಯುತ್ತದೆ. ಕೆಲಸ ಮುಂದುವರಿಸಲು ಅದು ಸಾಲದು; ಬರೆಯುತ್ತಿದ್ದುದನ್ನು ಮುಗಿಸಿ, ಕ್ರಮವಾಗಿ ಆರಿಸಲು ಸಾಕು. ಬ್ಯಾಟರಿಯ ಬಲವು ವರ್ಷಗಳು ಕಳೆದಂತೆ ಕುಗ್ಗುವುದರಿಂದ, ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮುಂಚೆ, ಬರಹಗಳ ನಕಲು ತೆಗೆದುಕೊಂಡು, ಗೋಡೆಯ ಸ್ವಿಚ್ಚನ್ನು ಒಮ್ಮೆ ಆರಿಸಿ, ಅದು ಎಷ್ಟು ನಿಮಿಷ ತಾಳುತ್ತದೆಂದು ಗಡಿಯಾರ ಹಿಡಿದು ನೋಡಬಹುದು.